ಅತ್ತೆ ಕೇಳಿದ ಸಮುದ್ರ

ನಾನು ಕಾರು ಓಡಿಸಲು ಕಲಿತದ್ದು ನಲವತ್ತೊಂಬತ್ತನೇ ವಯಸ್ಸಿನಲ್ಲಿ. ನಮ್ಮ ಊರು ಕಾಮಸಮುದ್ರದಿಂದ ಮೂರು ಮೈಲಿ ಒಳಗೆ, ನನ್ನ ಹೊಲಿಗೆ ಅಂಗಡಿ ಕೆ.ಜಿ.ಎಫ್.ನ ಆಂಡರ್ಸನ್‌ಪೇಟೆಯಲ್ಲಿ. ಸಂಜೆಯ ಬಸ್ಸು ತಪ್ಪಿದರೆ ಶೇರ್ ಆಟೋದಲ್ಲಿ ಎಂಟು ಜನರ ನಡುವೆ ಬಟ್ಟೆಗಂಟು ತೊಡೆಯ ಮೇಲಿಟ್ಟುಕೊಂಡು ಬರಬೇಕು. ನನ್ನ ತಮ್ಮ ಹೊಸ ಕಾರು ತಗೊಂಡಾಗ ಹಳೆಯದನ್ನು ನನ್ನ ಮನೆ ಮುಂದೆ ತಂದು ನಿಲ್ಲಿಸಿದ. ಬಂಗಾರಪೇಟೆಯಿಂದ ದಿನಾ ರೈಲು ಹತ್ತಿ ಬೆಂಗಳೂರಿನ ಕಾರ್ಖಾನೆಗೆ ಹೋಗಿಬರುವ ನನ್ನ ಗಂಡ ಅದನ್ನು ಒಂದು ಸುತ್ತು ನೋಡಿ, ಈ ವಯಸ್ಸಿನಲ್ಲಿ ತನ್ನ ಕೈಲಿ ಆಗುವುದಿಲ್ಲ ಎಂದರು. ಎರಡು ತಿಂಗಳು ಅದರ ಮೇಲೆ ಕೋಳಿಗಳು ಮಲಗಿದವು. ಆಮೇಲೆ ನಾನೇ ಕಲಿತೆ.

ಕಲಿಸಿದವರು ಊರಿಗಾಂನಲ್ಲಿ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿದ್ದ ಒಬ್ಬ ಹಿರಿಯರು. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಕಂಪನಿಯ ಲಾರಿ ಓಡಿಸುತ್ತಿದ್ದವರು. ಮನೆಮಾತು ತಮಿಳು. ನನ್ನೊಂದಿಗೆ ಆಡುತ್ತಿದ್ದ ಕನ್ನಡದಲ್ಲಿ ಅರ್ಧ ತಮಿಳೇ ಇರುತ್ತಿತ್ತು. ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಪಕ್ಕದ ಬಯಲಿನಲ್ಲಿ ನಾಲ್ಕು ಇಟ್ಟಿಗೆ ಇಟ್ಟು ಅವುಗಳ ನಡುವೆ ನನ್ನ ಕೈಲಿ ಹಿಂದಕ್ಕೂ ಮುಂದಕ್ಕೂ ಓಡಿಸುತ್ತಿದ್ದರು. ಇಟ್ಟಿಗೆ ಬಿದ್ದರೆ ನಾನೇ ಇಳಿದು ಎತ್ತಿ ನಿಲ್ಲಿಸಬೇಕು. ಮೊದಲ ವಾರ ಓಡಿಸಿದ್ದಕ್ಕಿಂತ ಇಟ್ಟಿಗೆ ಎತ್ತಿದ್ದೇ ಹೆಚ್ಚು.

ಕಲಿತು ವರ್ಷವಾಗುತ್ತಾ ಬಂದಿತ್ತು. ನನ್ನ ಓಟವೆಲ್ಲ ಊರು, ಅಂಗಡಿ, ಬಂಗಾರಪೇಟೆ ಸ್ಟೇಷನ್ನು, ಇಷ್ಟೇ. ಸಂಕ್ರಾಂತಿ ಕಳೆದ ಒಂದು ಭಾನುವಾರ ಮಧ್ಯಾಹ್ನ ಅತ್ತೆ, ನಾನು, ನನ್ನ ಗಂಡ ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಟಿವಿಯಲ್ಲಿ ಯಾವುದೋ ಊರಿನ ಮೀನುಗಾರರು ದೋಣಿ ತಳ್ಳುತ್ತಿದ್ದರು. ನನ್ನ ಗಂಡ ತಮಾಷೆಗೆ, ನೋಡಮ್ಮ ಸಮುದ್ರ, ನಮ್ಮ ಕೆರೆ ಥರ ಬೇಸಿಗೆಗೆ ಒಣಗಲ್ಲ ಅಂದರು. ಅತ್ತೆ ಕಾಯಿಯಿಂದ ಕಣ್ಣೆತ್ತಲಿಲ್ಲ.

"ನಾನ್ ಸಮುದ್ರ ಕೇಳಿದೀನಿ ಕಣ್ಲಾ," ಅಂದರು. "ನೋಡಿಲ್ಲ ಅಷ್ಟೇ."

ನಾವಿಬ್ಬರೂ ಕೈ ನಿಲ್ಲಿಸಿದೆವು. ಅವರಿಗೆ ಆಗ ಎಪ್ಪತ್ತಮೂರು. ಆ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತಾರು ವರ್ಷವಾಗಿದ್ದರೂ ನಾನು ಆ ಕತೆ ಕೇಳಿರಲಿಲ್ಲ. ಅವರ ಮಗನೂ ಕೇಳಿರಲಿಲ್ಲ.

ಅತ್ತೆ ಹೇಳಿದ್ದು ಇಷ್ಟು. ಮದುವೆಯಾದ ಮೂರನೇ ವರ್ಷ, ಸುಗ್ಗಿ ಮುಗಿದ ಮೇಲೆ ಊರಿನವರೆಲ್ಲ ಸೇರಿ ಬಸ್ಸು ಮಾಡಿಕೊಂಡು ಕಂಚಿ, ಚಿದಂಬರ ಅಂತ ಯಾತ್ರೆ ಹೊರಟಿದ್ದರು. ದಾರಿಯಲ್ಲಿ ಒಂದು ಕಡೆ ಬಸ್ಸಿನ ಟಯರು ಹೋಯಿತು. ರಸ್ತೆಯ ಒಂದು ಬದಿಗೆ ಉಪ್ಪಿನ ಗದ್ದೆ, ಬಿಳಿ ಬಿಳಿ ರಾಶಿ. ಇನ್ನೊಂದು ಬದಿಗೆ ಸರ್ವೆ ಮರದ ತೋಪು. ತೋಪಿನ ಆಚೆ ಸಮುದ್ರ ಅಂತ ಡ್ರೈವರ್ ಹೇಳಿದ. ಎಲ್ಲರೂ ಓಡಿದರು. ಅಡುಗೆ ಪಾತ್ರೆ, ಅಕ್ಕಿ ಮೂಟೆ, ಮಲಗಿದ್ದ ಐದು ಮಕ್ಕಳು ಬಸ್ಸಿನಲ್ಲಿ. ಕಾಯುವುದಕ್ಕೆ ಯಾರಾದರೂ ಬೇಕಲ್ಲ. ಎಲ್ಲರಿಗಿಂತ ಚಿಕ್ಕ ಸೊಸೆ ಇವರು. ಇವರ ಅತ್ತೆ, ನೀನಿರು ಅಂದರು. ಇದ್ದರು. ತೊಡೆಯ ಮೇಲೆ ಮಗ ಮಲಗಿದ್ದ, ತೋಪಿನ ಆಚೆಯಿಂದ ಅಲೆಯ ಸದ್ದು ಬರುತ್ತಿತ್ತು. ಎಲ್ಲರೂ ಒದ್ದೆ ಸೀರೆಯಲ್ಲಿ ವಾಪಸು ಬರುವಷ್ಟರಲ್ಲಿ ಬೇರೆ ಟಯರು ಹಾಕಿಯಾಗಿತ್ತು. ಹೊತ್ತಾಯಿತು ಅಂತ ಬಸ್ಸು ಹೊರಟಿತು.

"ಇನ್ನೊಂದ್ ಸಲ ಬಂದಾಗ ನೋಡೀಯಂತೆ ಅಂದ್ರು ನಮ್ಮತ್ತೆ," ಎಂದು ಮುಗಿಸಿ, ಸುಲಿದ ಕಾಳನ್ನು ಮೊರಕ್ಕೆ ಸುರಿದು ಎದ್ದು ಹಸುವಿನ ಹತ್ತಿರ ಹೋದರು.

ನನ್ನ ಗಂಡ ಟಿವಿ ಆರಿಸಿದರು. ಆ ಹೊತ್ತಿಗೆ ನಾನು ಮನಸ್ಸಿನಲ್ಲಿ ತೀರ್ಮಾನ ಮಾಡಿಯಾಗಿತ್ತು.

ವಾರಗಟ್ಟಲೆ ಮಾತು ನಡೆಯಿತು. ಟ್ಯಾಕ್ಸಿ ಮಾಡಿಸುತ್ತೇನೆ ಎಂದರು ನನ್ನ ಗಂಡ. ಅತ್ತೆ ಒಪ್ಪಲಿಲ್ಲ. ಟ್ಯಾಕ್ಸಿಯವನು ಗಡಿಯಾರ ನೋಡುತ್ತಾನೆ, ಹೊತ್ತಾಯಿತು ಹತ್ತಿ ಅನ್ನುತ್ತಾನೆ, ಅದನ್ನು ಒಂದು ಸಲ ಕೇಳಿದ್ದು ಸಾಕು ಎಂದರು. ರೈಲಿನಲ್ಲಿ ಚೆನ್ನೈಗೆ ಹೋಗಿ ಅಲ್ಲಿನ ಸಮುದ್ರ ನೋಡಿ ಬನ್ನಿ ಎಂದರು ನನ್ನ ಗಂಡ. ಅದೂ ಬೇಡವಾಯಿತು. ತಾನು ಬಿಟ್ಟು ಬಂದ ಜಾಗ ಅದಲ್ಲವಂತೆ. ಕೊನೆಗೆ ನನ್ನ ಗಂಡ ನನ್ನ ಕಡೆ ತಿರುಗಿ, ನೀನು ಬಂಗಾರಪೇಟೆ ದಾಟಿ ಓಡಿಸಿದವಳಲ್ಲ, ಘಾಟಿ ಇಳಿಯುವುದು ಅಂದರೆ ಏನು ಗೊತ್ತಾ ಎಂದು ಕೇಳಿದರು. ಗೊತ್ತಿಲ್ಲ, ಕೇಳಿಕೊಂಡು ಬರುತ್ತೇನೆ ಎಂದೆ.

ಊರಿಗಾಂಗೆ ಹೋಗಿ ನನ್ನ ಗುರುಗಳ ಮುಂದೆ ಕೂತೆ. ಅವರು ಕ್ಯಾಲೆಂಡರಿನ ಹಿಂದೆ ದಾರಿ ಬರೆದುಕೊಟ್ಟರು. ಆಂಡರ್ಸನ್‌ಪೇಟೆಯಿಂದ ವಿ.ಕೋಟ, ಅಲ್ಲಿಂದ ಘಾಟಿ ಇಳಿದು ಪೇರ್ನಾಂಬಟ್, ವೆಲ್ಲೂರು, ಕಂಚಿ, ಚೆಂಗಲ್ಪಟ್ಟು, ಮಹಾಬಲಿಪುರ. ಅಲ್ಲಿಂದ ದಕ್ಷಿಣಕ್ಕೆ ಸಮುದ್ರದ ಪಕ್ಕದ ರಸ್ತೆ. ಉಪ್ಪಿನ ಗದ್ದೆ ಅಂದರೆ ಮರಕ್ಕಾಣಂ ಸುತ್ತಮುತ್ತ ಇರಬೇಕು ಎಂದರು. ಘಾಟಿಯ ಬಗ್ಗೆ ಅವರು ಹೇಳಿದ್ದು ಒಂದೇ ಮಾತು.

"ಯಾವ ಗೇರ್‌ಲೆ ಏರ್ತೀಯೋ ಅದೇ ಗೇರ್‌ಲೆ ಇಳೀಬೇಕಮ್ಮಾ. ಹಿಂದೆ ಬರೋವನು ಹಾರನ್ ಹೊಡೀತಾನೆ. ಹೊಡ್ಕೊಳ್ಳಲಿ."

ಫೆಬ್ರವರಿಯಲ್ಲಿ ರಾಗಿ ಒಕ್ಕಣೆ ಮುಗಿದ ಮೇಲೆ ನನ್ನ ಗಂಡ ಎರಡು ದಿನ ರಜೆ ಹಾಕಿದರು. ಎರಡು ಹಸುಗಳ ಹಾಲು ಕರೆಯುವುದು ಅವರ ಪಾಲಿಗೆ ಬಿತ್ತು. ನಾನು ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿಕೊಂಡೆ. ಬೆಳಕು ಹರಿಯುತ್ತಲೇ ಹೊರಟೆವು. ಅತ್ತೆ ಮುಂದಿನ ಸೀಟಿನಲ್ಲಿ ಕೂತು, ಬೆಲ್ಟು ಹಾಕಿದ ಮೇಲೆ, ಇದು ಹಸುಗೆ ಕಟ್ಟೋ ಹಗ್ಗಕ್ಕಿಂತ ಬಿಗಿ ಎಂದು ಗೊಣಗಿದರು.

ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಇಳಿದೆ. ಹಿಂದೆ ಒಂದು ಟೊಮೇಟೊ ಲಾರಿ ಮೂರು ತಿರುವಿನುದ್ದಕ್ಕೂ ಹಾರನ್ ಬಾರಿಸಿತು. ಅತ್ತೆ ಕಣ್ಣು ಮುಚ್ಚಿ ಬಾಗಿಲ ಹಿಡಿಯನ್ನು ಎರಡು ಕೈಯಲ್ಲೂ ಹಿಡಿದಿದ್ದರು. ನಾನು ಅವಸರ ಪಡಲಿಲ್ಲ. ತಪ್ಪಲಿಗೆ ಬಂದಾಗ ಬದಿಗೆ ನಿಲ್ಲಿಸಿ ಲಾರಿಗೆ ದಾರಿ ಬಿಟ್ಟೆ. ಇಳಿದು ನೋಡಿದರೆ ನನ್ನ ಕಾಲು ಹೊಲಿಗೆ ಯಂತ್ರದ ಪೆಡಲಿನ ಮೇಲಿದ್ದ ಹಾಗೆ ತಾನಾಗಿಯೇ ಅದುರುತ್ತಿತ್ತು. ಅತ್ತೆ ಕಣ್ಣು ತೆರೆದು, ಮುಗೀತಾ ಎಂದು ಕೇಳಿದರು. ಮುಗಿಯಿತು ಎಂದೆ. ಹಾಗಾದರೆ ರೊಟ್ಟಿ ತೆಗಿ ಎಂದರು.

ಕಂಚಿಯಲ್ಲಿ ಗೋಪುರ ದೂರದಿಂದ ಕಂಡಾಗ ನಿಲ್ಲಿಸಲಾ ಎಂದು ಕೇಳಿದೆ. ಕೂತಲ್ಲಿಂದಲೇ ಕೈ ಮುಗಿದು ಬೇಡ ಅಂದರು. ಮಹಾಬಲಿಪುರ ಸಮೀಪಿಸಿದಾಗ ರಸ್ತೆ ತುಂಬ ಪ್ರವಾಸಿಗರ ಬಸ್ಸು. ಇಲ್ಲೇ ಸಮುದ್ರ ಇದೆ, ಹತ್ತು ನಿಮಿಷದ ದಾರಿ, ಕಾಲು ನೋಯುತ್ತಿದ್ದರೆ ಇಲ್ಲೇ ಮುಗಿಸಿಬಿಡೋಣ ಎಂದೆ. ನಿಜ ಹೇಳಬೇಕೆಂದರೆ ನನಗೇ ಸಾಕಾಗಿತ್ತು, ಬೆನ್ನು ಹಲಗೆಯಾಗಿತ್ತು. ಅತ್ತೆ ನನ್ನ ಮುಖ ನೋಡಿ, ನಿನಗೆ ಸುಸ್ತಾದರೆ ಅರ್ಧ ಗಂಟೆ ಮಲಗು, ನಾನು ಕಾಯುತ್ತೇನೆ, ಜಾಗ ಮಾತ್ರ ಇದಲ್ಲ ಎಂದರು. ಮಲಗಲಿಲ್ಲ. ಬಾಟಲಿಯ ನೀರಿನಲ್ಲಿ ಮುಖ ತೊಳೆದು ಮತ್ತೆ ಹೊರಟೆ.

ಅಲ್ಲಿಂದ ಮುಂದಿನ ರಸ್ತೆಯಂಥದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ದಿಬ್ಬವಿಲ್ಲ, ಬಂಡೆಯಿಲ್ಲ. ಎಡಕ್ಕೆ ಸರ್ವೆ ತೋಪು, ತಾಳೆ ಮರ, ಅವುಗಳ ಸಂದಿನಲ್ಲಿ ಒಮ್ಮೊಮ್ಮೆ ನೀಲಿಯ ಒಂದು ಗೆರೆ. ಬಲಕ್ಕೆ ಗಿಡವೇ ಇಲ್ಲದ ಚಪ್ಪಟೆ ನೆಲ. ಉದ್ದನೆಯ ಸೇತುವೆಯ ಮೇಲೆ ಹೋಗುವಾಗ ಎರಡೂ ಕಡೆ ಅಗಲವಾದ ನೀರು, ನೀರಿನಲ್ಲಿ ಬಿಳಿ ಹಕ್ಕಿಗಳು. ಇದೇನಾ ಎಂದು ಅತ್ತೆ ಕೇಳಿದರು. ಇದು ಹಿನ್ನೀರು ಎಂದೆ. ಅವರು ನೀಲಿ ಗೆರೆ ಕಂಡಾಗಲೆಲ್ಲ ಬಲಕ್ಕೆ ತಿರುಗಿ ಉಪ್ಪಿನ ಗದ್ದೆಗಾಗಿ ಹುಡುಕುತ್ತಿದ್ದರು.

ಬಹಳ ಹೊತ್ತಿನ ಮೇಲೆ ಅವರು ತಾವಾಗಿಯೇ ಮಾತು ತೆಗೆದರು.

"ಒಂದ್ ಮಾತು ಅವತ್ತು ನಿನ್ ಗಂಡನ ಮುಂದೆ ಏಳ್ಲಿಲ್ಲ ನಾನು."

ನಾನು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡೆ. ಅವತ್ತು ಎಲ್ಲರೂ ಸಮುದ್ರಕ್ಕೆ ಹೋದ ಮೇಲೆ ಆ ಹಳ್ಳಿಯ ಒಬ್ಬ ಹೆಂಗಸು ನೀರಿನ ಕೊಡ ಹೊತ್ತು ಬಂದಳಂತೆ. ಇವರ ವಯಸ್ಸಿನವಳೇ. ಕುಡಿಯಲು ನೀರು ಕೊಟ್ಟಳು, ಬಾವಿಯ ಸಿಹಿ ನೀರು. ಅರ್ಧ ತಮಿಳು, ಅರ್ಧ ಕೈಸನ್ನೆಯಲ್ಲಿ, ನೀನು ಯಾಕೆ ಹೋಗಲಿಲ್ಲ ಎಂದು ಕೇಳಿದಳು. ಮಕ್ಕಳನ್ನು ತೋರಿಸಿದರು. ಅವಳು ಬಸ್ಸಿನ ಮೆಟ್ಟಿಲ ಮೇಲೆ ಕೂತು, ಮಕ್ಕಳನ್ನು ನಾನು ನೋಡಿಕೊಳ್ಳುತ್ತೇನೆ, ನೀನು ಓಡಿಹೋಗಿ ನೋಡಿಕೊಂಡು ಬಾ ಎಂದಳು. ಒಂದು ಸಲವಲ್ಲ, ಮೂರು ಸಲ ಹೇಳಿದಳು.

"ನಾನ್ ಓಗ್ಲಿಲ್ಲ ಕಣೇ. ಅತ್ತೆ ಬೈತಾರೆ ಅಂತ. ಗುರ್ತಿಲ್ಲದೋಳು ಮಕ್ಕಳನ್ನ ಏನ್ ಮಾಡ್ತಾಳೋ ಅಂತ. ಅವ್ಳು ನನ್ ಮುಖಾನೇ ನೋಡಿ, ಕೊಡ ಎತ್ಕೊಂಡು ಓದ್ಲು. ಇಷ್ಟ್ ವರ್ಷ ನಮ್ಮತ್ತೆ ಬಿಡ್ಲಿಲ್ಲ ಅಂತ ನನಗ್ ನಾನೇ ಏಳ್ಕೊಂಡ್ ಬಂದೆ. ಬಿಡದೆ ಇದ್ದೋಳು ನಾನೇ."

ಆಗ ನಿಮಗೆ ಇಪ್ಪತ್ತೆರಡು ವರ್ಷ ಅತ್ತೆ ಎಂದೆ. ಅವರು, ವಯಸ್ಸಿನ ಮಾತಲ್ಲ ಎಂದು ಕಿಟಕಿಯ ಕಡೆ ತಿರುಗಿದರು.

ಆಮೇಲೆ ಉಪ್ಪಿನ ಗದ್ದೆಗಳು ಬಂದವು. ಮಡಿ ಮಡಿಯಾಗಿ ಕಟ್ಟಿದ ನೀರು, ಬದುವಿನ ಮೇಲೆ ಬಿಳಿ ರಾಶಿ, ಕೆಲವು ರಾಶಿಗೆ ತಾಳೆಗರಿ ಮುಚ್ಚಿದ್ದರು. ಅತ್ತೆ ನಿಧಾನಕ್ಕೆ ಓಡಿಸು ಎಂದರು. ಮೊದಲು ಎಡಕ್ಕೆ ತಿರುಗಿದ ಕಡೆ ಎತ್ತರದ ಗೋಡೆ, ಹಿಂದೆ ಯಾರದೋ ಬಂಗಲೆ, ಕಾವಲುಗಾರ ಒಳಗೆ ಬಿಡಲಿಲ್ಲ. ಎರಡನೆಯ ಕಡೆ ತೋಪು ಕಡಿದು ನಿವೇಶನದ ಕಲ್ಲು ನೆಟ್ಟಿದ್ದರು. ಮೂರನೆಯದು ಒಂದು ಮಣ್ಣು ದಾರಿ. ಸರ್ವೆ ಮರಗಳ ನಡುವೆ ಸ್ವಲ್ಪ ದೂರ ಹೋಗಿ ಇಪ್ಪತ್ತು ಮೂವತ್ತು ಮನೆಯ ಹಳ್ಳಿಯ ಮುಂದೆ ನಿಂತುಬಿಟ್ಟಿತ್ತು. ಮಧ್ಯಾಹ್ನ ಮೂರರ ಬಿಸಿಲು. ಗಂಡಸರು ಬಲೆಯ ಪಕ್ಕದಲ್ಲೇ ನೆರಳಿಗೆ ಮಲಗಿದ್ದರು. ಒಂದು ನಾಯಿ ಎದ್ದು ನಮ್ಮನ್ನು ನೋಡಿ ಮತ್ತೆ ಮಲಗಿತು. ಕಾರು ಆರಿಸಿದ ಕೂಡಲೇ ಆ ಸದ್ದು ಕೇಳಿಸಿತು. ತೋಪಿನ ಆಚೆಯಿಂದ, ಒಂದೇ ಸಮ.

ಅತ್ತೆ ಬಾಗಿಲು ತೆರೆಯದೆ ಸ್ವಲ್ಪ ಹೊತ್ತು ಕೇಳುತ್ತಾ ಕೂತರು.

ಮನೆಯ ಮುಂದೆ ಮೀನು ಒಣಹಾಕುತ್ತಿದ್ದ ಒಬ್ಬ ಹೆಂಗಸು ಎದ್ದು ಬಂದಳು. ಅರವತ್ತರ ಮೇಲಿರಬಹುದು. ನಾನು ನನಗೆ ಬರುವ ಕೆ.ಜಿ.ಎಫ್. ತಮಿಳಿನಲ್ಲಿ ವಿಷಯ ಹೇಳಿದೆ. ಬಸ್ಸು ನಿಂತಿದ್ದು, ಸಿಹಿ ನೀರಿನ ಬಾವಿ, ಕೊಡ ಹೊತ್ತ ಹೆಂಗಸು. ಆಕೆ ಎಲ್ಲ ಕೇಳಿ ತಲೆಯಾಡಿಸಿದಳು. ಇಂಥ ಹಳ್ಳಿಗಳು ಈ ರಸ್ತೆಯಲ್ಲಿ ಐದಾರು ಇವೆ, ಎಲ್ಲದಕ್ಕೂ ತೋಪಿತ್ತು, ಎಲ್ಲದಕ್ಕೂ ಬಾವಿಯಿತ್ತು. ದೊಡ್ಡ ಅಲೆ ಬಂದ ವರ್ಷ ಬಾವಿಗಳೆಲ್ಲ ಉಪ್ಪಾದವು, ಮನೆಗಳನ್ನು ಹಿಂದಕ್ಕೆ ಕಟ್ಟಿದರು. ನೀವು ಹೇಳುವ ಜಾಗ ಇದೇ ಎಂದು ನಾನು ಹೇಗೆ ಹೇಳಲಿ ಎಂದಳು. ತಾನು ಮದುವೆಯಾಗಿ ಬಂದದ್ದೇ ಆ ಬಸ್ಸು ನಿಂತ ಎಷ್ಟೋ ವರ್ಷದ ಮೇಲೆ ಎಂದೂ ಹೇಳಿದಳು.

ನಾನು ಅತ್ತೆಗೆ ತಿಳಿಸಿದೆ. ಮರಕ್ಕಾಣಂವರೆಗೂ ಹುಡುಕೋಣವೇ ಎಂದು ಕೇಳಿದೆ. ಅವರು ಆಗಲೇ ಕಾಲನ್ನು ಕಾರಿನಿಂದ ಹೊರಗಿಟ್ಟಿದ್ದರು.

"ಇದೇ," ಎಂದರು. "ನಾನ್ ಇದೇ ಅಂದ್ರೆ ಇದೇ."

ಹಳ್ಳಿಯಿಂದ ನೀರಿನವರೆಗೆ ಇನ್ನೂರು ಹೆಜ್ಜೆಯಿರಬಹುದು. ಮೊಣಕಾಲು ಸವೆದವರಿಗೆ ಆ ಮರಳಿನಲ್ಲಿ ಅದು ಎರಡು ಮೈಲಿ. ಮೊದಲ ನಾಲ್ಕು ಹೆಜ್ಜೆಗೇ ಅತ್ತೆಯ ಪಾದ ಹೂತು, ಕಿತ್ತು ತೆಗೆಯುವಾಗ ಮುಖ ಕಿವುಚಿಹೋಯಿತು. ಆ ಹೆಂಗಸು ಒಳಗಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು, ಕೂರಿಸಿ, ಮಲಗಿದ್ದ ಇಬ್ಬರು ಗಂಡಸರನ್ನು ಎಬ್ಬಿಸಲು ಹೊರಟಳು. ಕುರ್ಚಿ ಸಮೇತ ಎತ್ತಿಕೊಂಡು ಹೋದರೆ ಎರಡು ನಿಮಿಷದ ಕೆಲಸ. ಅತ್ತೆ ಅವಳ ಕೈ ಹಿಡಿದು ನಿಲ್ಲಿಸಿದರು. ನಾಲ್ಕು ಜನ ಎತ್ತಿಕೊಂಡು ಹೋಗುವ ದಿನ ಹೇಗೂ ಬರುತ್ತದೆ, ಇವತ್ತು ನಡೆಯುತ್ತೇನೆ ಎಂದರು. ನಾನು ತಮಿಳಿನಲ್ಲಿ ಹೇಳಿದಾಗ ಆ ಹೆಂಗಸು ನಕ್ಕು, ಬಂದು ಅತ್ತೆಯ ಎಡ ತೋಳಿಗೆ ಕೈ ಹಾಕಿದಳು. ಬಲ ತೋಳು ನಾನು ಹಿಡಿದೆ. ಇನ್ನೊಂದು ಕೈಯಲ್ಲಿ ಕುರ್ಚಿ.

ಹತ್ತು ಹೆಜ್ಜೆ, ಕುರ್ಚಿ ಇಡುವುದು, ಕೂರುವುದು. ಉಸಿರು ಸಮಕ್ಕೆ ಬಂದ ಮೇಲೆ ಎದ್ದು ಮತ್ತೆ ಹತ್ತು ಹೆಜ್ಜೆ. ತೋಪು ದಾಟಿದಾಗ ಎದುರಿಗೆ ಸಮುದ್ರ ಇಡಿಯಾಗಿ ಕಂಡಿತು. ಅಷ್ಟು ದೊಡ್ಡದನ್ನು ನಾನೂ ಮೊದಲ ಸಲ ನೋಡುತ್ತಿದ್ದೆ. ಅತ್ತೆಯ ಕಾಲು ನಡುಗುತ್ತಿತ್ತು. ಇಲ್ಲಿಂದಲೇ ಚೆನ್ನಾಗಿ ಕಾಣುತ್ತದೆ, ಸಾಕು ಅತ್ತೆ, ಕೂತು ನೋಡಿ ಎಂದೆ.

"ಕಾಣ್ತದೆ," ಅಂದರು. "ಕಾಣೋದು ಟಿವೀಲೂ ಕಾಣ್ತದೆ. ಎಬ್ಸು."

ಎಬ್ಬಿಸಿದೆ. ನೀರಿನ ಹತ್ತಿರ ಮರಳು ಗಟ್ಟಿಯಾಗಿ ನಡಿಗೆ ಸುಲಭವಾಯಿತು. ಅಲೆ ತಲುಪುವ ಅಂಚಿನಲ್ಲಿ ಕುರ್ಚಿ ಇಟ್ಟೆವು. ಮೊದಲ ಅಲೆ ಪಾದ ಮುಟ್ಟಿತು. ಎರಡನೆಯದು ಕುರ್ಚಿಯ ಕಾಲ ಕೆಳಗಿನ ಮರಳನ್ನು ಎಳೆದುಕೊಂಡು ಹೋಗಿ, ಅತ್ತೆ ಕುರ್ಚಿ ಸಮೇತ ಪಕ್ಕಕ್ಕೆ ವಾಲಿದರು. ನಾವಿಬ್ಬರೂ ಹಿಡಿಯುವಷ್ಟರಲ್ಲಿ ಅವರು ನೀರಿನಲ್ಲೇ ಕೂತಾಗಿತ್ತು, ಸೀರೆ ಸೊಂಟದವರೆಗೆ ತೊಯ್ದಿತ್ತು. ಅವರು ಕುರ್ಚಿಯನ್ನು ಆಚೆ ತಳ್ಳಿ, ಹಾಗೇ ಕಾಲು ಚಾಚಿ ಕೂತರು. ಅಂಗೈಯಲ್ಲಿ ನೀರು ತೆಗೆದು ನಾಲಿಗೆಗೆ ಮುಟ್ಟಿಸಿ ಉಗಿದರು.

ಆಮೇಲೆ, ಇಷ್ಟು ಸದ್ದು ಮಾಡುತ್ತದಲ್ಲ, ಇದಕ್ಕೆ ಸುಸ್ತಾಗುವುದಿಲ್ಲವೇ ಎಂದು ಆ ಹೆಂಗಸನ್ನು ಕನ್ನಡದಲ್ಲೇ ಕೇಳಿದರು. ಆಕೆಗೆ ಅರ್ಥವಾಯಿತೋ ಇಲ್ಲವೋ, ಪಕ್ಕದಲ್ಲಿ ಕೂತು ತಲೆಯಾಡಿಸಿದಳು. ಇಬ್ಬರೂ ತಮ್ಮ ತಮ್ಮ ಮಾತಿನಲ್ಲಿ ಏನೇನೋ ಹೇಳಿಕೊಂಡರು. ಮೀನು ಒಣಗಲು ಎಷ್ಟು ದಿನ, ಹಸು ಎಷ್ಟು ಕೊಡುತ್ತದೆ, ಇಂಥದ್ದೇ.

ನಾನು ಅತ್ತೆಯ ಬೆನ್ನ ಹಿಂದೆ ನಿಂತೇ ಇದ್ದೆ. ಒಂದು ಕೈಯಲ್ಲಿ ಅವರ ಚಪ್ಪಲಿ, ಇನ್ನೊಂದರಲ್ಲಿ ನನ್ನ ಚಪ್ಪಲಿ, ಕಂಕುಳಲ್ಲಿ ಚೀಲ, ಚೀಲದಲ್ಲಿ ಫೋನು, ಕಾರಿನ ಕೀ. ಅಲೆ ಬಂದಾಗ ನಾನು ಹಿಂದಕ್ಕೆ ಸರಿಯುತ್ತಿದ್ದೆ. ಅತ್ತೆ ತಿರುಗಿ ನೋಡಿದರು. ನೀನು ಯಾಕೆ ಇಳಿಯಲಿಲ್ಲ ಎಂದು ಕೇಳಿದರು. ನಿಮ್ಮನ್ನು ನೋಡಿಕೊಳ್ಳಬೇಕಲ್ಲ, ಚೀಲ ಬೇರೆ ಇದೆ, ಆಮೇಲೆ ಇಳಿಯುತ್ತೇನೆ ಎಂದೆ. ಅವರು ಕೈ ಚಾಚಿದರು. ನಾನು ಕೊಡಲಿಲ್ಲ.

"ಕೊಡೇ ಇಲ್ಲಿ," ಎಂದರು. ಹಸು ಒದ್ದಾಗ ಗದರುವ ದನಿ. "ನಾ ನೋಡ್ಕೋತೀನಿ. ಓಗು ನೀನು."

ಚೀಲವನ್ನೂ ಎರಡು ಜೊತೆ ಚಪ್ಪಲಿಯನ್ನೂ ಅವರ ಮಡಿಲಿಗೆ ಹಾಕಿದೆ. ಅವರು ಚೀಲವನ್ನು ನೀರು ತಾಗದ ಹಾಗೆ ಎದೆಗೆ ಒತ್ತಿ ಹಿಡಿದರು. ನಾನು ಸೆರಗು ಸಿಕ್ಕಿಸಿಕೊಂಡು ಮುಂದೆ ನಡೆದೆ. ಮೊಣಕಾಲು, ತೊಡೆ, ಸೊಂಟ. ದೊಡ್ಡ ಅಲೆಯೊಂದು ಬಂದು ಮುಖಕ್ಕೆ ಹೊಡೆದು ಮೂಗಿಗೆ ಉಪ್ಪು ನೀರು ನುಗ್ಗಿತು. ಕೆಮ್ಮುತ್ತಾ ತಿರುಗಿದರೆ ದಡದಲ್ಲಿ ಇಬ್ಬರು ಮುದುಕಿಯರೂ ನನ್ನನ್ನು ನೋಡಿ ನಗುತ್ತಿದ್ದರು. ನನಗೂ ನಗು ಬಂತು, ಜೊತೆಗೆ ಅಳುವೂ ಬಂತು. ನೀರಿನಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ. ಬೆರಳು ನೆನೆದು ಮುದುಡುವವರೆಗೆ ಅಲ್ಲೇ ಇದ್ದೆ.

ವಾಪಸು ಹೊರಟಾಗ ಒದ್ದೆ ಸೀರೆಯಲ್ಲಿ ಅತ್ತೆಗೆ ನಾಲ್ಕು ಹೆಜ್ಜೆ ಇಡುವುದೂ ಕಷ್ಟವಾಯಿತು. ಈ ಸಲ ಅತ್ತೆ ಗಂಡಸರಿಗೆ ಬೇಡ ಅನ್ನಲಿಲ್ಲ. ಇಬ್ಬರು ಬಂದು ಕುರ್ಚಿ ಎತ್ತಿದರು. ತನ್ನ ಕೆಲಸ ಆಯಿತು, ಇನ್ನು ಯಾರು ಎತ್ತಿದರೂ ಚಿಂತೆಯಿಲ್ಲ ಎಂಬ ಹಾಗೆ ಕೈ ಕಟ್ಟಿ ಕೂತಿದ್ದರು. ಆ ಹೆಂಗಸು ಒಳಗೆ ಕರೆದು ಅತ್ತೆಗೆ ತನ್ನದೊಂದು ಒಣ ಸೀರೆ ಉಡಿಸಿ, ಅನ್ನ ಮೀನು ಸಾರು ಬಡಿಸಿದಳು. ಹೊರಡುವಾಗ ಅತ್ತೆ ಉಳಿದಿದ್ದ ಚಟ್ನಿಪುಡಿಯನ್ನು ಡಬ್ಬದ ಸಮೇತ ಅವಳ ಕೈಗಿಟ್ಟರು. ಆ ರಾತ್ರಿ ಮರಕ್ಕಾಣಂನ ಒಂದು ಚಿಕ್ಕ ಲಾಡ್ಜಿನಲ್ಲಿ ಉಳಿದೆವು. ಅತ್ತೆ ಮಲಗಿದ ತಕ್ಷಣ ಗೊರಕೆ ಹೊಡೆದರು.

ಮರುದಿನ ಘಾಟಿ ಹತ್ತುವಾಗ ಮುಂದಿನ ಲಾರಿ ತಿರುವಿನಲ್ಲೇ ನಿಂತುಬಿಟ್ಟಿತು. ಹಿಂದೆ ಬಸ್ಸು, ಕಾರು, ಎಲ್ಲ ಸಾಲುಗಟ್ಟಿದವು. ನಾನು ಹ್ಯಾಂಡ್ ಬ್ರೇಕ್ ಎಳೆದು, ಮೊದಲ ಗೇರಿನಲ್ಲಿ, ಒಂದು ಗೇಣೂ ಹಿಂದಕ್ಕೆ ಜಾರದೆ ಕಾರನ್ನು ಹೊರಡಿಸಿದೆ. ಅತ್ತೆ ನಿದ್ದೆಯಲ್ಲಿದ್ದರು. ನೋಡಲು ಯಾರೂ ಎಚ್ಚರವಿಲ್ಲವಲ್ಲ ಎಂದು ಸ್ವಲ್ಪ ಬೇಜಾರಾಯಿತು.

ಮನೆಗೆ ಬಂದ ಮೇಲೆ ಅತ್ತೆಯ ಮೊಣಕಾಲು ಊದಿ ಕುಂಬಳಕಾಯಿಯಾಯಿತು. ನಾಲ್ಕು ದಿನ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ನನ್ನ ಗಂಡ ನನಗೆ ಬೈದರು, ಬಂಗಾರಪೇಟೆಯ ಡಾಕ್ಟರು ಇಬ್ಬರಿಗೂ ಬೈದರು. ಈ ಕಾಲಿನಲ್ಲಿ ಮರಳಿನ ಮೇಲೆ ನಡೆಯಬಾರದು ಎಂದು ಯಾರೂ ಹೇಳಲಿಲ್ಲವೇ ಎಂದು ಅವರು ಅತ್ತೆಯನ್ನೇ ಕೇಳಿದರು. ಹೇಳಿದರು, ನಾನು ಕೇಳಲಿಲ್ಲ, ನೀವು ಮಾತ್ರೆ ಬರೆದುಕೊಡಿ ಎಂದರು ಅತ್ತೆ.

ಐದನೆಯ ದಿನ ಬೆಳಿಗ್ಗೆ ನಾನು ಒಲೆಯ ಮುಂದಿದ್ದಾಗ ಕೊಟ್ಟಿಗೆಯಿಂದ ಅವರ ದನಿ ಕೇಳಿತು. ಗೋಡೆ ಹಿಡಿದುಕೊಂಡೇ ಹೋಗಿ, ತಲೆಕೆಳಗು ಮಾಡಿದ ಬಕೆಟ್ಟಿನ ಮೇಲೆ ಕೂತು, ಹಸುವಿನ ಕೆಚ್ಚಲು ತೊಳೆಯುತ್ತಿದ್ದರು. ಮಗ ಅಷ್ಟು ದಿನ ಸರಿಯಾಗಿ ಕರೆದಿಲ್ಲ, ಹಾಲೆಲ್ಲ ಒಳಗೇ ಬಿಟ್ಟಿದ್ದಾನೆ ಎಂದು ಹಸುವಿಗೆ ದೂರು ಹೇಳುತ್ತಿದ್ದರು. ನನ್ನನ್ನು ಕಂಡು, ನಿಂತು ನೋಡಬೇಡ, ಪಾತ್ರೆ ತಾ ಎಂದರು. ತಂದುಕೊಟ್ಟೆ.